ಪಿಕಪ್ ಮಾಡ್ಕೊಂಡ್ಬಿಡಿ

ಬೆಂಗಳೂರಿನ ಶ್ರೀನಗರ ಬಸ್ ಸ್ಟ್ಯಾಂಡಿನಲ್ಲಿ ಮಧ್ಯಾಹ್ನ ಮೂರರ ಮೇಲೆ ಸ್ವಲ್ಪ ಹೊತ್ತು ನಿಂತರೆ ಈ ಮಾತು ಕಿವಿಗೆ ಬೀಳದೆ ಇರುವುದಿಲ್ಲ: ‘ರೀ, ನಂಗೆ ಲೇಟಾಗತ್ತೆ, ಪುಟ್ಟೂನ ನೀವೇ ಪಿಕಪ್ ಮಾಡ್ಕೊಂಡ್ಬಿಡಿ.’ ಫೋನಿನ ಆಚೆಯಿಂದ ಒಂದು ‘ಹ್ಞೂಂ’ ಬಂದಿರುತ್ತದೆ, ಮಾತು ಅಲ್ಲಿಗೆ ಮುಗಿದಿರುತ್ತದೆ. ಹೇಳಿದವರೂ ಮರೆತರು, ಕೇಳಿದವರೂ ಮರೆತರು (ಪುಟ್ಟೂನ ಮರೆಯದಿದ್ದರೆ ಸಾಕು). ಆದರೆ ಒಂದೇ ಉಸಿರಿಗೆ ಬಂದ ಆ ಮಾತನ್ನು ಬಿಡಿಸಿ ನೋಡಿ. ಅದರೊಳಗೆ ಒಂದು ಇಂಗ್ಲಿಷ್ ಕ್ರಿಯಾಪದ, ಅದರ ಬಾಲಕ್ಕೊಂದು ‘ಅಪ್’, ಆಮೇಲೆ ಮಾಡು, ಕೊಳ್ಳು, ಬಿಡು ಎಂಬ ಮೂರು ಕನ್ನಡ ಕ್ರಿಯಾಪದಗಳು. ಒಂದು ಮಗುವನ್ನು ಶಾಲೆಯಿಂದ ಕರೆತರಲು ಇಷ್ಟು ಜನ ಬೇಕೆ? ಬೇಕು. ಒಬ್ಬರನ್ನು ಕೈಬಿಟ್ಟರೂ ಮಾತಿನ ರುಚಿ ಕೆಡುತ್ತದೆ, ಮನೆಯ ನೆಮ್ಮದಿಯೂ ಕೆಡಬಹುದು.

ಮೊದಲು ಅತಿಥಿಯನ್ನು ಮಾತಾಡಿಸೋಣ. ‘ಪಿಕಪ್’ ಈ ಕಡೆ ಎಷ್ಟು ವೇಷ ಹಾಕುತ್ತದೆ ಅನ್ನುವುದೇ ಒಂದು ತಮಾಷೆ. ಹನುಮಂತನಗರದ ಏರು ಹತ್ತುವಾಗ ಹಳೆಯ ಸ್ಕೂಟರು ತಿಣುಕಿದರೆ ಮೆಕ್ಯಾನಿಕ್ಕು ಎಕ್ಸಲರೇಟರ್ ಎರಡು ಸಲ ತಿರುಗಿಸಿ, ಕಿವಿಗೊಟ್ಟು, ‘ಪಿಕಪ್ಪೇ ಇಲ್ಲ ಸರ್, ಕಾರ್ಬೊರೇಟರ್ ಕ್ಲೀನ್ ಮಾಡ್ಬೇಕು’ ಅನ್ನುತ್ತಾನೆ. ಸಂಗೀತದ ಮೇಡಂ ತಾಯಿಯನ್ನು ಬಾಗಿಲಲ್ಲೇ ನಿಲ್ಲಿಸಿ ‘ನಿಮ್ಮ ಮಗಳು ಬೇಗ ಪಿಕಪ್ ಮಾಡ್ತಾಳೆ’ ಎಂದು ಸರ್ಟಿಫಿಕೇಟ್ ಕೊಡುತ್ತಾರೆ. ಬೆಳಗ್ಗೆ ತರಕಾರಿ ತಂದು ಇಳಿಸುವ ಗಾಡಿಯ ಹೆಸರೇ ಪಿಕಪ್. ರಾಮನವಮಿಯ ಪೆಂಡಾಲಿನಲ್ಲಿ ವೀಣೆಯ ಮೈಗೆ ಅಂಟಿಸುವ ಪುಟ್ಟ ಮೈಕೂ ಪಿಕಪ್. ಇನ್ನು ಸಿನಿಮಾ. ತನ್ನ ಹೆಸರನ್ನು ಒಬ್ಬ ನಟನ ಹೆಸರಿನ ಮುಂದೆ ಕೂರಿಸಿ ಗಾಂಧಿನಗರಕ್ಕೆ ಕಳಿಸಿದ ಬಡಾವಣೆ ಇದು. ಶ್ರೀನಗರ ಕಿಟ್ಟಿ ಗೊತ್ತಲ್ಲ. ಹಾಗಾಗಿ ‘ಮೊದಲ ವಾರ ಡಲ್ಲು, ಎರಡನೇ ವಾರದಿಂದ ಪಿಚ್ಚರ್ ಪಿಕಪ್ ಆಯ್ತು’ ಅನ್ನುವ ವಿಮರ್ಶೆ ಇಲ್ಲಿ ಟೀ ಅಂಗಡಿಯಲ್ಲೇ ಸಿಗುತ್ತದೆ.

ಒಂದು ಕಡೆ ಮಾತ್ರ ‘ಅಪ್’ ಉದುರಿಹೋಗಿದೆ. ‘ಎಷ್ಟು ಸಲ ಮಾಡಿದ್ರೂ ಫೋನ್ ಪಿಕ್ ಮಾಡ್ತಿಲ್ಲ’ ಅನ್ನುತ್ತೇವೆ, ಪಿಕಪ್ ಅನ್ನುವುದು ಕಡಿಮೆ. ಯಾಕೆ ಹೀಗೆ ಅಂತ ಯಾರೂ ಕೂತು ತೀರ್ಮಾನ ಮಾಡಿಲ್ಲ. ಮಾತಾಡುತ್ತ ಮಾತಾಡುತ್ತ ಊರೇ ತೀರ್ಮಾನ ಮಾಡಿತು.

ಇಂಗ್ಲಿಷಿನಲ್ಲಿ ಈ ಕ್ರಿಯಾಪದ ಮಹಾ ಚಂಚಲ. ಕಾಲಕ್ಕೆ ತಕ್ಕಂತೆ ರೂಪ ಬದಲಿಸುತ್ತದೆ, ಕರ್ಮಪದ ಬಂದರೆ ಪಿಕ್ಕಿಗೂ ಅಪ್ಪಿಗೂ ನಡುವೆ ಜಾಗ ಮಾಡಿ ಕೂರಿಸಿಕೊಳ್ಳುತ್ತದೆ. ಶ್ರೀನಗರಕ್ಕೆ ಬಂದ ಮೇಲೆ ಅದರ ಆಟವೆಲ್ಲ ನಿಂತಿದೆ. ಇಲ್ಲಿ ಅದು ಅಲುಗದ ಒಂದು ನಾಮಪದ. ‘ಮಾಡು’ ಬಂದರೆ ನಾವು ಮಾಡಿದ್ದು, ‘ಆಗು’ ಬಂದರೆ ತಾನಾಗಿ ಆದದ್ದು. ಅದರ ಒಡಹುಟ್ಟುಗಳ ಕಥೆಯೂ ಇದೇ. ಮೇಕಪ್, ಗೆಟಪ್, ಪ್ಯಾಕಪ್ಪುಗಳು ನಾಟಕ ಸಿನಿಮಾದವರ ಜೊತೆ ಬಂದವು. ಲಾಕಪ್ ಪೊಲೀಸರ ಜೊತೆ, ಚೆಕಪ್ ಆಸ್ಪತ್ರೆಯವರ ಜೊತೆ, ಬ್ಯಾಕಪ್ ಕಂಪ್ಯೂಟರಿನವರ ಜೊತೆ. ಬ್ರೇಕಪ್ ಯಾರ ಜೊತೆ ಬಂತು ಅಂತ ಕೇಳಬಾರದು. ಇಷ್ಟು ‘ಅಪ್’ಗಳನ್ನು ಸಾಲಾಗಿ ನಿಲ್ಲಿಸಿದರೆ ಬೆಂಗಳೂರಿನ ಬದುಕು ಎಲ್ಲಿಂದ ಎಲ್ಲಿಗೆ ಬಂತು ಅನ್ನುವುದು ಒಂದಿಷ್ಟು ಕಾಣುತ್ತದೆ. ದಕ್ಷಿಣ ಬೆಂಗಳೂರಂತೂ ನಿಂತಿರುವುದೇ ಇಂಥ ಒಂದು ಜೋಡಿಪದದ ಮೇಲೆ, ಲೇಔಟ್. ಶ್ರೀನಗರಕ್ಕೆ ಅಂಟಿಕೊಂಡೇ ಕಾಳಿದಾಸ ಲೇಔಟ್ ಇದೆ. ಕವಿಕುಲಗುರುವಿನ ಹೆಸರಿನ ಪಕ್ಕ ಇಂಗ್ಲಿಷಿನ ‘ಔಟ್’ ಕೂತು ಎಷ್ಟೋ ವರ್ಷವಾಯಿತು, ಯಾರಿಗೂ ಕಿವಿಗೆ ಒತ್ತುವುದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕಂಡಕ್ಟರುಗಳ ‘ಹೋಲ್ಡಾನ್’. ಬಿ.ಎಂ.ಟಿ.ಸಿ. ಅನ್ನುವ ಹೆಸರು ಬಂದದ್ದು 1997ರಲ್ಲಿ. ಅದಕ್ಕೂ ಮುಂಚೆ ಬಿ.ಟಿ.ಎಸ್. ಕಾಲದಿಂದ ಈ ಕೂಗು ಇದೆ. ಇಂಗ್ಲಿಷಿನವನು ಹೋಲ್ಡ್ ಆನ್ ಅಂದರೆ ಬಿಗಿಯಾಗಿ ಹಿಡಿದುಕೋ ಅಂತ, ಇಲ್ಲವೇ ಸ್ವಲ್ಪ ತಾಳು ಅಂತ. ನಮ್ಮ ಕಂಡಕ್ಟರು ಹೋಲ್ಡಾನ್ ಅಂದರೆ ಗಾಡಿ ನಿಲ್ಲಬೇಕು. ರೈಟ್ ಅಂದರೆ ಹೊರಡಬೇಕು. ಎರಡು ಪದದಲ್ಲಿ ಒಂದು ಊರಿನ ಸಾರಿಗೆ ನಡೆಯುತ್ತದೆ. ಎದ್ದು ಬರಲು ತಡವಾದ ಅಜ್ಜಿಗೆ ಅದೇ ಕಂಡಕ್ಟರು ‘ಬೇಗ ಇಳ್ಕೊಂಡ್ಬಿಡಿ ಅಜ್ಜಿ’ ಅಂದಾಗ ಮಾತ್ರ ಅವನೊಳಗಿನ ಕನ್ನಡ ಆಚೆ ಬರುತ್ತದೆ. ನನ್ನ ಈ ಬರಹದ ವಿಷಯ ನಿಜವಾಗಿ ಅದು, ಆ ಕೊನೆಯ ‘ಕೊಂಡ್ಬಿಡಿ’ ಎಂಬ ತುಣುಕು.

ಇಂಗ್ಲಿಷ್ ಕಲಿಯುವವರಿಗೆ ಈ ಜೋಡಿಪದಗಳು ತಲೆನೋವು ಅನ್ನುವುದು ಇವತ್ತಿನ ಮಾತಲ್ಲ. 1755ರಲ್ಲಿ ತನ್ನ ಮಹಾ ನಿಘಂಟನ್ನು ಹೊರತಂದ ಸ್ಯಾಮ್ಯುಯಲ್ ಜಾನ್ಸನ್ ಅದರ ಮುನ್ನುಡಿಯಲ್ಲೇ, ಹೊರಗಿನವರಿಗೆ ನಮ್ಮ ಭಾಷೆಯಲ್ಲಿ ಅತಿ ಕಷ್ಟವಾದದ್ದು ಇದೇ ಎಂದು ಒಪ್ಪಿಕೊಂಡಿದ್ದ. ‘ಟೇಕ್’ ಒಂದಕ್ಕೇ ಅವನು 134 ಅರ್ಥ ಕೊಟ್ಟ. ಇವಕ್ಕೆ ಫ್ರೇಸಲ್ ವರ್ಬ್ ಅನ್ನುವ ಹೆಸರು ಪುಸ್ತಕಕ್ಕೆ ಬಂದದ್ದು ತೀರಾ ಈಚೆಗೆ, 1925ರಲ್ಲಿ, ಲೋಗನ್ ಪಿಯರ್ಸಲ್ ಸ್ಮಿತ್ ಬರೆದ ಪುಸ್ತಕದಲ್ಲಿ. ಅವನಿಗೆ ಆ ಹೆಸರು ಸೂಚಿಸಿದವನು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲೊಬ್ಬನಾದ ಹೆನ್ರಿ ಬ್ರಾಡ್ಲಿ. ನಾವು ರೆನ್ ಅಂಡ್ ಮಾರ್ಟಿನ್ ವ್ಯಾಕರಣ ಮುಂದಿಟ್ಟುಕೊಂಡು ಗಿವ್ ಅಪ್, ಗಿವ್ ಇನ್, ಗಿವ್ ಔಟ್ ಎಂದು ಬಾಯಿಪಾಠ ಮಾಡಿದ್ದು ಇದನ್ನೇ. ನಮ್ಮ ಭಾಷೆಯಲ್ಲೂ ಇಂಥದ್ದು ಇದೆ, ಇದಕ್ಕಿಂತ ಸೊಗಸಾಗಿಯೇ ಇದೆ ಎಂದು ಆಗ ಯಾರೂ ಹೇಳಲಿಲ್ಲ.

ಪಿಕಪ್ಪಿನ ಇಂಗ್ಲಿಷ್ ಅರ್ಥಗಳನ್ನೇ ಒಂದೊಂದಾಗಿ ಕನ್ನಡದಲ್ಲಿ ಹೇಳಿ ನೋಡಿ. ಮಗುವನ್ನು ಪಿಕಪ್ ಮಾಡುವುದು ಎತ್ತಿಕೊಳ್ಳುವುದು. ಶಾಲೆಯಿಂದಾದರೆ ಕರೆದುಕೊಂಡು ಬರುವುದು. ಭಾಷೆಯನ್ನಾದರೆ ಕಲಿತುಕೊಳ್ಳುವುದು. ನೆಗಡಿಯನ್ನಾದರೆ ಅಂಟಿಸಿಕೊಳ್ಳುವುದು. ದಾರಿಯಲ್ಲಿ ಸೊಪ್ಪು ತೆಗೆದುಕೊಳ್ಳುವುದು. ಕಾಯಿಲೆಯಿಂದ, ವ್ಯಾಪಾರದ ನಷ್ಟದಿಂದ ಚೇತರಿಸಿಕೊಳ್ಳುವುದು. ಕ್ರಿಯಾಪದಗಳು ಬೇರೆಬೇರೆ, ಬಾಲ ಮಾತ್ರ ಒಂದೇ, ‘ಕೊಳ್ಳು’. ಇಂಗ್ಲಿಷಿನ ಪಿಕ್ಕಿಗೆ ‘ಅಪ್’ ಮಾಡುವ ಉಪಕಾರವನ್ನು ಇಲ್ಲಿ ಕೊಳ್ಳು ಮಾಡುತ್ತಿದೆ. ವ್ಯತ್ಯಾಸ ಏನೆಂದರೆ ಅವರ ಬಾಲ ಆಕಾಶದ ಕಡೆ ಕೈತೋರಿಸುತ್ತದೆ, ನಮ್ಮದು ಎದೆಯ ಕಡೆ. ಎರಡೂ ಕೈ ಮೇಲೆತ್ತಿ ಕಾಲಿಗೆ ಸುತ್ತಿಕೊಂಡು ‘ಅಮ್ಮಾ, ಎತ್ಕೋ’ ಅನ್ನುವ ಮಗು ಕೇಳುತ್ತಿರುವುದು ಎತ್ತರವನ್ನಲ್ಲ. ಬರೀ ‘ಎತ್ತು’ ಅಂದರೆ ಚೀಲ ಎತ್ತಿದ ಹಾಗೆ ಎತ್ತಿ ಪಕ್ಕಕ್ಕಿಡಬಹುದು. ‘ಎತ್ಕೋ’ ಅಂದ ಮೇಲೆ ಸೊಂಟದ ಮೇಲೆ ಕೂರಿಸಿಕೊಳ್ಳಲೇಬೇಕು. ಎರಡು ವರ್ಷದ ಮಗುವಿಗೆ ಈ ವ್ಯತ್ಯಾಸ ಗೊತ್ತು. ಆ ಫೋನಿನ ವಿಷಯಕ್ಕೆ ಬಂದರೆ ಇಲ್ಲೂ ಅದೇ ಗಮ್ಮತ್ತು. ‘ಫೋನ್ ಎತ್ತಿ’ ಅನ್ನುತ್ತೇವೆ, ‘ಎತ್ಕೊಳ್ಳಿ’ ಅನ್ನುವುದಿಲ್ಲ. ಇಂಗ್ಲಿಷ್ ಪದ ತನ್ನ ಬಾಲ ಕಳೆದುಕೊಂಡ ಜಾಗದಲ್ಲೇ ಕನ್ನಡ ಪದಕ್ಕೂ ಬಾಲವಿಲ್ಲ.

ಕೊಳ್ಳು ಅಂದರೆ ಮೂಲದಲ್ಲಿ ತೆಗೆದುಕೊ, ದುಡ್ಡು ಕೊಟ್ಟು ಪಡೆ. ಬಾಲವಾದ ಮೇಲೆ ದುಡ್ಡಿನ ಲೆಕ್ಕ ಬಿಟ್ಟುಹೋಯಿತು, ತನ್ನದಾಗಿಸುವ ಗುಣ ಉಳಿಯಿತು. ಆ ಗುಣ ಎಷ್ಟು ಸೂಕ್ಷ್ಮ ಕೆಲಸ ಮಾಡುತ್ತದೆ ನೋಡಿ. ‘ಹೇಳಿದೆ’ ಅಂದರೆ ಸುದ್ದಿ ದಾಟಿತು. ‘ಹೇಳ್ಕೊಂಡೆ’ ಅಂದರೆ ಎದೆಯ ಭಾರ ಸ್ವಲ್ಪ ಇಳಿಯಿತು. ‘ಯಾರಿಗೆ ಹೇಳಲಿ?’ ಅನ್ನುವವನಿಗೆ ವಿಳಾಸ ಬೇಕು, ‘ಯಾರ ಹತ್ರ ಹೇಳ್ಕೊಳ್ಳಲಿ?’ ಅನ್ನುವವನಿಗೆ ಒಂದು ಲೋಟ ಕಾಫಿ ಕೊಟ್ಟು ಪಕ್ಕದಲ್ಲಿ ಕೂರಬೇಕು. ‘ಅಂದೆ’ ಬಾಯಿಂದ ಆಡಿದ್ದು, ‘ಅಂದ್ಕೊಂಡೆ’ ಮನಸ್ಸಿನಲ್ಲಿ ಆಡಿದ್ದು. ಯೋಚನೆ ಅಂದರೆ ತನಗೆ ತಾನೇ ಆಡುವ ಮಾತು ಎಂದು ತತ್ತ್ವಶಾಸ್ತ್ರದವರು ಪುಟಗಟ್ಟಲೆ ಬರೆಯುತ್ತಾರೆ, ಕನ್ನಡಕ್ಕೆ ಒಂದು ‘ಕೊ’ ಸಾಕಾಯಿತು. ‘ನೋಡ್ಕೋತೀನಿ’ ಎರಡು ಅಲಗಿನ ಕತ್ತಿ. ‘ಅಮ್ಮನ್ನ ನಾನು ನೋಡ್ಕೋತೀನಿ, ನೀನು ಹೋಗ್ಬಾ’ ಅಂದರೆ ವಾತ್ಸಲ್ಯ, ಗಲ್ಲಿಯ ಕ್ರಿಕೆಟ್ಟಿನಲ್ಲಿ ಔಟಾದವನು ಬ್ಯಾಟು ಎಸೆದು ‘ನಿನ್ನ ನೋಡ್ಕೋತೀನಿ ಮಗಾ’ ಅಂದರೆ ಜಗಳ. ಇನ್ನು ಈ ಊರಿನ ಧ್ಯೇಯವಾಕ್ಯದಂತಿರುವ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’. ಆ ಮಾತಿನ ಚಾಣಾಕ್ಷತನವೆಲ್ಲ ಕೊನೆಯ ಕೊಳ್ಳಿಯಲ್ಲಿದೆ. ಸೀಟಿನ ತುದಿಗೆ ಜರುಗಿದವರು ನೀವು, ಕಷ್ಟವೂ ನಿಮ್ಮದು, ಆದರೆ ಯಾರೋ ನಿಮ್ಮಿಂದ ಮಾಡಿಸಿದ ಹಾಗಿಲ್ಲ, ನೀವೇ ಮನಸಾರೆ ಮಾಡಿಕೊಂಡ ಹಾಗಿರಬೇಕು. ಎಷ್ಟೋ ಸಲ ಬೈದುಕೊಂಡೇ ಜರುಗಿದ್ದೇನೆ (ಬೈಗುಳಕ್ಕೂ ಕೊ ಸೇರಿದರೆ ಅದು ಒಳಗೇ ಉಳಿಯುತ್ತದೆ).

ಕೊಳ್ಳು ಒಳಗೆ ಎಳೆಯುವ ಪದವಾದರೆ ‘ಬಿಡು’ ಹೊರಕ್ಕೆ ಕಳಿಸುವ ಪದ. ನನ್ನನ್ನು ಕೇಳಿದರೆ ಕನ್ನಡದ ಕ್ರಿಯಾಪದಗಳಲ್ಲಿ ಇದರಷ್ಟು ದೊಡ್ಡ ಸಂಸಾರ ಬೇರೆ ಯಾವುದಕ್ಕೂ ಇಲ್ಲ. ಗಿಡ ಹೂ ಬಿಡುತ್ತದೆ, ಬೇರೂ ಬಿಡುತ್ತದೆ. ಸೀರೆ ಬಣ್ಣ ಬಿಡುತ್ತದೆ. ಮಳೆ ಬಿಟ್ಟರೆ ನಿಂತಿತು ಅಂತ, ಬಸ್ಸು ಬಿಟ್ಟರೆ ಹೊರಟಿತು ಅಂತ. ಶಾಲೆ ಬಿಟ್ಟಿತು ಅಂದರೆ ಮಕ್ಕಳು ಹೊರಗೆ ಬಂದರು, ಹುಡುಗ ಶಾಲೆ ಬಿಟ್ಟ ಅಂದರೆ ಮನೆಯಲ್ಲಿ ಚಿಂತೆ. ಕಣ್ಣು ಬಿಟ್ಟರೆ ಎಚ್ಚರ, ಕಣ್ಣು ಕಣ್ಣು ಬಿಟ್ಟರೆ ಏನೂ ಅರ್ಥವಾಗಿಲ್ಲ. ಬಾಯಿ ಬಿಟ್ಟರೆ ಗುಟ್ಟು ಹೊರಗೆ. ಹಲ್ಲು ಬಿಟ್ಟರೆ ಪೆಚ್ಚುನಗೆ. ಗಾಳಿಪಟ ಬಿಡುತ್ತಾರೆ, ಗಡ್ಡ ಬಿಡುತ್ತಾರೆ, ರೈಲು ಹಳಿಯೇ ಇಲ್ಲದ ಶ್ರೀನಗರದಲ್ಲಿ ದಿನವಿಡೀ ರೈಲು ಬಿಡುವವರೂ ಇದ್ದಾರೆ. ಬೆಳಗಿನ ಜಾವ ಓಣಿಯ ಈ ತುದಿಯಿಂದ ಆ ತುದಿಗೆ ಹೋಗುವ ಸುದ್ದಿ ‘ನೀರು ಬಿಟ್ಟಿದಾರೆ’. ಬಿಟ್ಟವರು ಯಾರು ಅಂತ ಯಾರೂ ಕೇಳುವುದಿಲ್ಲ, ಕಾವೇರಿಯನ್ನು ಬಿಡುವವರು ಸದಾ ಬಹುವಚನದಲ್ಲೇ ಇರುತ್ತಾರೆ. ಇಬ್ಬರು ಹುಡುಗಿಯರು ಕಿರುಬೆರಳು ತೋರಿಸಿ ‘ಟೂ ಬಿಟ್ಟೆ’ ಅಂದರೆ ಅವತ್ತಿಗೆ ಸ್ನೇಹ ಮುಗಿಯಿತು. ಬೆಳಗ್ಗೆ ಮತ್ತೆ ಜೊತೆಗೇ ಹೋಗುತ್ತಾರೆ. ಫರ್ಡಿನೆಂಡ್ ಕಿಟೆಲ್ 1894ರಲ್ಲಿ ಮಂಗಳೂರಿನಿಂದ ಹೊರತಂದ ನಿಘಂಟಿನಲ್ಲಿ ಬಿಡು ಪದದ ಕೆಳಗೆ ಅರ್ಥಗಳನ್ನು ಸಾಲುಸಾಲಾಗಿ ಜೋಡಿಸಿದ್ದಾರೆ. ಟೂ ಬಿಡುವ ಮಕ್ಕಳನ್ನು ಅವರು ಕಂಡಿದ್ದರೆ ಇನ್ನೊಂದು ಸಾಲು ಖಂಡಿತ ಸೇರುತ್ತಿತ್ತು.

ಬಿಡುವಿನ ಈ ಒಂಟಿ ಅರ್ಥಗಳೆಲ್ಲ ಒಂದು ತೂಕವಾದರೆ, ಅದು ಬಾಲವಾಗಿ ಬಂದಾಗ ಮಾಡುವ ಕೆಲಸವೇ ಇನ್ನೊಂದು ತೂಕ. ಒಂದು ಪಿಂಗಾಣಿ ಕಪ್ಪು ಕೈಜಾರಿ ಬಿತ್ತು ಅಂತಿಟ್ಟುಕೊಳ್ಳಿ. ನೆಲದ ಮೇಲಿರುವ ಚೂರುಗಳು ಅವೇ, ಸದ್ದೂ ಅದೇ. ಪಕ್ಕದ ಮನೆಯಿಂದ ಆಡಲು ಬಂದಿದ್ದ ಹುಡುಗ ‘ಒಡೆದುಹೋಯ್ತು ಆಂಟಿ’ ಅನ್ನುತ್ತಾನೆ. ಕಪ್ಪಿಗೆ ಹೋಗುವ ಮನಸ್ಸಿತ್ತು, ಹೋಯಿತು, ಅವನು ಸುಮ್ಮನೆ ಅಲ್ಲಿದ್ದ. ಮನೆಯ ಮಗಳಾಗಿದ್ದರೆ ‘ಅಯ್ಯೋ, ಒಡೆದ್ಬಿಟ್ಟೆ ಕಣಮ್ಮಾ’ ಅನ್ನುತ್ತಾಳೆ. ಮಾಡಿದ್ದು ತಾನೇ, ಆದರೆ ಬೇಕೆಂದು ಮಾಡಿದ್ದಲ್ಲ, ಈಗ ಹಿಂದಕ್ಕೆ ತರಲಾಗದು ಅನ್ನುವ ಅಷ್ಟೂ ಸಂಕಟ ಆ ‘ಬಿಟ್ಟೆ’ಯೊಳಗಿದೆ. ನೋಡುತ್ತಿದ್ದ ತಮ್ಮ ಪ್ರಾಸಿಕ್ಯೂಷನ್ ಕಡೆಯವನು. ‘ನೋಡಮ್ಮಾ, ಒಡೆದಾಕಿದ್ಲು!’ ಹಾಕು ಬಂದ ಮೇಲೆ ಜಾಮೀನಿಲ್ಲ. ಹೋಗು, ಬಿಡು, ಹಾಕು, ಮೂರೂ ದಿನಬಳಕೆಯ ಸಾಧಾರಣ ಕ್ರಿಯಾಪದಗಳು. ಬಾಲವಾದ ಕೂಡಲೇ ಒಂದು ಕ್ಷಮಿಸುತ್ತದೆ, ಒಂದು ಪಶ್ಚಾತ್ತಾಪ ಪಡುತ್ತದೆ, ಒಂದು ಬೆರಳು ತೋರಿಸುತ್ತದೆ. ಇಷ್ಟನ್ನು ಹೇಳಲು ಇಂಗ್ಲಿಷಿನವರು ಇನ್ನೆರಡು ವಾಕ್ಯ ಕೂಡಿಸಬೇಕಾಗುತ್ತದೆ.

ಬಿಡು ಎಂದರೆ ಕೆಲಸ ಪೂರ್ತಿಯಾಯಿತು ಎಂದು ವ್ಯಾಕರಣದವರು ಹೇಳುತ್ತಾರೆ. ನಿಜ, ಆದರೆ ಅದು ಅಸ್ಥಿಪಂಜರ. ‘ಮಳೆ ಬಂತು’ ವರದಿ, ‘ಮಳೆ ಬಂದ್ಬಿಡ್ತು’ ಅಂದರೆ ತಾರಸಿಯ ಮೇಲೆ ಬಟ್ಟೆಯಿದೆ, ಓಡಬೇಕು. ‘ಸೀಟು ಸಿಕ್ತು’ ಅಂದರೆ ಸಂತೋಷ, ‘ಸಿಕ್ಬಿಡ್ತು’ ಅಂದರೆ ನಂಬಲಾಗದ ಸಂತೋಷ. ‘ಹೇಳ್ತೀನಿ’ ಅಂದವನು ಹೇಳದೆಯೂ ಇರಬಹುದು, ‘ಹೇಳ್ಬಿಡ್ತೀನಿ’ ಅಂದವನು ಬಹಳ ದಿನದಿಂದ ತಡೆದುಕೊಂಡಿದ್ದಾನೆ. ಈ ಕಡೆಯ ಹುಡುಗರು ಫೋನಿನಲ್ಲಿ ‘ಬಂದ್ಬಿಟ್ಟೆ ಗುರು, ಸೀತಾ ಸರ್ಕಲ್ ಹತ್ರ ಇದೀನಿ’ ಅನ್ನುವುದುಂಟು. ಕ್ರಿಯಾಪದ ಭೂತಕಾಲದಲ್ಲಿದೆ, ಆಸಾಮಿ ಇನ್ನೂ ಮನೆಯಲ್ಲಿ ಶೂ ಹುಡುಕುತ್ತಿರುತ್ತಾನೆ.

ಇದರ ಇನ್ನೊಂದು ಸ್ವಭಾವ ಗಮನಿಸಿ: ಬಾಲವಾಗಿರುವ ಬಿಡುವಿಗೆ ‘ಇಲ್ಲ’ದ ಜೊತೆ ಸರಿಬರುವುದಿಲ್ಲ. ಮರ್ತ್ಬಿಟ್ಟೆ ಅನ್ನುತ್ತೇವೆ, ಮರೆಯದಿದ್ದರೆ ‘ಮರೀಲಿಲ್ಲ’ ಅನ್ನುತ್ತೇವೆ. ‘ಮರ್ತ್ಬಿಡಲಿಲ್ಲ’ ಅಂತ ಯಾರಾದರೂ ಅಂದರೆ ಅವರು ಕನ್ನಡವನ್ನು ಪುಸ್ತಕದಿಂದ ಕಲಿತವರು. ಆಗದೇ ಇದ್ದದ್ದರ ಬಗ್ಗೆ ಮನಸ್ಸು ತುಂಬಿ ಬರುವುದಾದರೂ ಹೇಗೆ? ಆದರೆ ‘ಬೇಡ’ದ ಜೊತೆ ಅದು ಚೆನ್ನಾಗಿ ಹೊಂದುತ್ತದೆ. ‘ಅಪ್ಪಂಗೆ ಹೇಳ್ಬೇಡ’ ಅನ್ನುವುದು ಸೂಚನೆ, ‘ಅಪ್ಪಂಗೆ ಹೇಳ್ಬಿಡ್ಬೇಡ ಕಣೇ’ ಅನ್ನುವುದು ಕೈಮುಗಿದ ಬೇಡಿಕೆ. ಶಾಲೆಯಲ್ಲಿ ಸಂಭಾವನಾರ್ಥಕ ಎಂದು ಕಲಿಸುವ ರೂಪವೊಂದಿದೆಯಲ್ಲ, ಬಂದಾನು, ಹೋದೀಯೆ ಅಂತ, ಅದು ಪಟ್ಟಣದ ಮಾತಿನಲ್ಲಿ ಹೆಚ್ಚುಕಡಿಮೆ ಕಣ್ಮರೆಯಾಗಿದೆ. ತಾಯಂದಿರ ಬಾಯಲ್ಲಿ ಮಾತ್ರ, ಬಿಡುವಿನ ಬೆನ್ನೇರಿ ಇನ್ನೂ ಬದುಕಿದೆ: ‘ಬಿದ್ಬಿಟ್ಟೀಯ, ನಿಧಾನ!’ ‘ಬಿಸಿ ಇದೆ, ಬಾಯಿ ಸುಟ್ಕೊಂಡ್ಬಿಟ್ಟೀಯ!’ ಅಕ್ಕರೆಯ ಕಾಲ ಅಂತ ಒಂದು ಕಾಲವನ್ನು ವ್ಯಾಕರಣಕ್ಕೆ ಸೇರಿಸುವುದಾದರೆ ಇದನ್ನೇ ಸೇರಿಸಬೇಕು.

ಸಾವಿನ ಮನೆಯ ಮಾತು ಬೇರೆ. ‘ಸತ್ತರು’ ಅನ್ನಲು ನಾಲಿಗೆ ಏಳುವುದಿಲ್ಲ. ‘ತೀರ್ಕೊಂಡ್ರು’ ಅನ್ನುತ್ತೇವೆ. ಯಾರೋ ಮುಗಿಸಿದ್ದಲ್ಲ, ತಮ್ಮ ಲೆಕ್ಕವನ್ನು ತಾವೇ ತೀರಿಸಿಕೊಂಡು ಹೊರಟ ಘನತೆ ಅದರಲ್ಲಿದೆ. ಹತ್ತಿರದವರಾದರೆ ಅದೂ ಬರುವುದಿಲ್ಲ. ‘ಹೋಗ್ಬಿಟ್ರು’ ಅಷ್ಟೇ. ಹಾಲು ತರಲು ಅಂಗಡಿಗೆ ಹೋದವರಿಗೂ ಇದೇ ಮಾತು ಸಲ್ಲುತ್ತದೆ, ಆದರೆ ದನಿ ಕೇಳಿದವರಿಗೆ ಗೊಂದಲವಾಗುವುದಿಲ್ಲ. ಸಾವಿನ ಮಾತನ್ನು ಆಟಕ್ಕೆ ಆಡಿದ ಮಗುವಿಗೆ ಅಜ್ಜಿ ಕೂಡಲೇ ಹೇಳುವುದು ‘ಬಿಡ್ತು ಅನ್ನು’. ಏನು ಬಿಟ್ಟಿತು, ಯಾರನ್ನು ಬಿಟ್ಟಿತು, ಯಾವುದೂ ಆ ವಾಕ್ಯದಲ್ಲಿಲ್ಲ. ಕರ್ತೃವೂ ಇಲ್ಲ, ಕರ್ಮವೂ ಇಲ್ಲ. ಬಾಯಿಂದ ಬಿದ್ದ ಕೆಟ್ಟ ಮಾತು ನಮ್ಮನ್ನು ಬಿಟ್ಟುಹೋಗಲಿ ಎಂಬ ಹಾರೈಕೆ ಪೂರ್ತಿ ಆ ಒಂದು ಭೂತಕಾಲದ ರೂಪದೊಳಗೆ ಕೂತಿದೆ. ಇನ್ನೂ ಆಗದಿದ್ದುದನ್ನು ಆಗಿಹೋಯಿತು ಎಂದು ಹೇಳಿಸಿಯೇ ನಿವಾರಿಸುವ ಉಪಾಯ! ಮಗು ‘ಬಿಡ್ತು’ ಅನ್ನುವವರೆಗೂ ಅಜ್ಜಿ ಬಿಡುವುದಿಲ್ಲ.

ಮಾತಿನ ಕೊನೆಗೆ ಬಂದು ಕೂರುವ ‘ಬಿಡಿ’ಯನ್ನೂ ಮರೆಯಬಾರದು. ಚಿಲ್ಲರೆ ಹುಡುಕುತ್ತಿರುವ ಗಿರಾಕಿಗೆ ದರ್ಶಿನಿಯ ಗಲ್ಲಾದವನು ‘ಇರ್ಲಿ ಬಿಡಿ ಸರ್’ ಅಂದರೆ ಒಂದು ರೂಪಾಯಿ ಮನ್ನಾ. ಅದೇ ಬಿಡಿ ಹರಿತವಾಗುವುದೂ ಉಂಟು: ‘ನಿಮ್ಮಷ್ಟು ಬುದ್ಧಿ ನಮಗೆಲ್ಲಿಂದ ಬರ್ಬೇಕು ಬಿಡಿ.’ ಈ ವಾಕ್ಯಕ್ಕೆ ಉತ್ತರ ಕೊಟ್ಟು ಗೆದ್ದವರನ್ನು ನಾನು ಕಂಡಿಲ್ಲ.

ಈಗ ಆ ಪಿಕಪ್ಪಿಗೆ ಬನ್ನಿ. ‘ಪಿಕಪ್ ಮಾಡಿ’ ಅಂದರೆ ಅಪ್ಪಣೆಯಾಗುತ್ತಿತ್ತು. ‘ಮಾಡ್ಕೊಳ್ಳಿ’ ಅಂದಾಗ ಮಗುವಿನ ಹೊಣೆ ಕೇಳಿದವರ ಮಡಿಲಿಗೆ ಬಂತು. ಆಮೇಲೆ ‘ಬಿಡಿ’ ಸೇರಿದ್ದರಿಂದ ಆ ಹೊಣೆ ಹಗುರಾಯಿತು. ಅದೆಷ್ಟು ಹೊತ್ತಿನ ಕೆಲಸ, ಮುಗಿಸಿದರಾಯಿತು ಅನ್ನುವ ಧಾಟಿ ಬಂತು, ಜೊತೆಗೆ ‘ಇವತ್ತೊಂದಿನ’ ಅನ್ನುವ ಸಣ್ಣ ಗೋಗರೆತ. ಮೊದಲು ಒಳಕ್ಕೆ ಎಳೆದುಕೊಂಡು ಆಮೇಲೆ ಬಿಡುವುದು ಈ ಮಾತಿನ ಕ್ರಮ. ಈ ಸಾಲನ್ನು ತಿರುಗಿಸಲು ಬರುವುದಿಲ್ಲ. ‘ಮಾಡ್ಕೊಂಡ್ಬಿಡು’ ಉಂಟು, ‘ಮಾಡ್ಬಿಟ್ಕೊ’ ಇಲ್ಲ. ಅಕ್ಷರ ಬಾರದವರೂ ಈ ನಿಯಮವನ್ನು ತಪ್ಪಿ ನಡೆಯುವುದಿಲ್ಲ. ಬಿಡು ತನ್ನ ಬೆನ್ನಿಗೇ ತಾನು ಏರಿ ‘ಬಿಟ್ಬಿಡು’ ಆಗಬಲ್ಲದು, ಕೊಳ್ಳು ‘ಕೊಂಡ್ಕೊ’ ಆಗಬಲ್ಲದು. ಆಗ ಮೊದಲನೆಯದು ತನ್ನ ಹಳೆಯ ಅರ್ಥದಲ್ಲಿರುತ್ತದೆ, ಎರಡನೆಯದು ಬಾಲದ ಕೆಲಸ ನೋಡಿಕೊಳ್ಳುತ್ತದೆ.

ಇಂಗ್ಲಿಷ್ ತಲೆಗೆ ಕನ್ನಡ ಬಾಲ ಜೋಡಿಸುವ ಈ ಆಟ ಹೊಸದೂ ಅಲ್ಲ. 1946ರಲ್ಲಿ ತೀರಿಕೊಂಡ ಟಿ.ಪಿ. ಕೈಲಾಸಂ ಇದನ್ನೇ ರಂಗಕ್ಕೆ ತಂದು ನಗಿಸಿದವರು. ಅವರ ಪಾತ್ರಗಳ ಬಾಯಲ್ಲಿ ಇಂಗ್ಲಿಷ್ ಎಷ್ಟೇ ತುಂಬಿರಲಿ, ವಾಕ್ಯದ ಲಗಾಮು ಕನ್ನಡದ ಕೈಯಲ್ಲೇ ಇರುತ್ತದೆ. ಶ್ರೀನಗರಕ್ಕೆ ಹತ್ತಿರದ ಹನುಮಂತನಗರದಲ್ಲಿ, ರಾಮಾಂಜನೇಯ ಗುಡ್ಡದ ಬಳಿಯ ಕೆ.ಎಚ್. ಕಲಾಸೌಧದಲ್ಲಿ ಇವತ್ತು ನಾಟಕ ನೋಡಲು ಹೋದರೂ ಸಭೆ ನಗುವುದು ಹೆಚ್ಚಾಗಿ ಇಂಥ ಬಾಲಗಳಿಗೇ. ನಟ ‘ಹೋದ’ ಅಂದರೆ ಕಥೆ ಮುಂದೆ ಹೋಗುತ್ತದೆ, ‘ಹೋಗೇಬಿಟ್ಟ!’ ಅಂದರೆ ಸಭೆ ನಗುತ್ತದೆ.

ಊರು ಬದಲಾದರೆ ಬಾಲದ ಬಣ್ಣವೂ ಬದಲು. ಮಂಡ್ಯದ ಕಡೆಯವರದು ‘ಬುಟ್ಬುಡು’. ಬಾಯಿ ತುಂಬ ಹೇಳಿದರೆ ಸಿಟ್ಟೂ ಇಳಿದುಹೋಗುತ್ತದೆ. ಧಾರವಾಡದ ‘ಇರ್ಲಿ ಬಿಡ್ರಿ’ಯಲ್ಲಿ ಔದಾರ್ಯ ಒಂದು ಗುಂಜಿ ಹೆಚ್ಚು. ತಮಿಳಿನ ‘ವಿಡು’ ನಮ್ಮ ಬಿಡುವಿನ ಅಣ್ಣನೋ ತಮ್ಮನೋ. ಅವರ ‘ವಂದುಟ್ಟೇನ್’ ಒಳಗೆ ಅದು ಸವೆದು ಬರೀ ಒಂದು ‘ಟ್ಟ’ ಆಗಿ ಕೂತಿದೆ. ನೆಂಟಸ್ತಿಕೆಯೇ ಇಲ್ಲದ ಹಿಂದಿಯಲ್ಲೂ ಕಪ್ಪು ಒಡೆಯುವ ಕಥೆ ಹೀಗೇ ನಡೆಯುತ್ತದೆ. ‘ಟೂಟ್ ಗಯಾ’ ಅಂದರೆ ಒಡೆದುಹೋಯ್ತು, ‘ತೋಡ್ ಡಾಲಾ’ ಅಂದರೆ ಒಡೆದುಹಾಕಿದ. ಅಲ್ಲೂ ಹೋಗು, ಇಲ್ಲೂ ಹೋಗು. ಅಲ್ಲೂ ಹಾಕು, ಇಲ್ಲೂ ಹಾಕು. ಮೂಲ ಬೇರೆಯಾದರೂ ಸಾವಿರಾರು ವರ್ಷ ಅಕ್ಕಪಕ್ಕ ಬಾಳಿದ ಭಾಷೆಗಳು ಒಂದರ ನಡೆಯನ್ನು ಒಂದು ಕಲಿತುಕೊಂಡಿವೆ. ಭಾರತವನ್ನು ಒಂದೇ ಭಾಷಾ ವಲಯವಾಗಿ ನೋಡಬೇಕು ಎಂದು ಭಾಷಾವಿಜ್ಞಾನಿ ಎಂ.ಬಿ. ಎಮಿನೊ 1956ರಲ್ಲಿ ಬರೆದರು. ಆ ಮಾತಿಗೆ ಮುಂದೆ ಬಂದವರು ಒದಗಿಸಿದ ಸಾಕ್ಷಿಗಳಲ್ಲಿ ಈ ಜೋಡಿ ಕ್ರಿಯಾಪದಗಳೂ ಸೇರಿವೆ.

ನಮ್ಮ ಶಾಲೆಯ ವ್ಯಾಕರಣ ಕೈಮುಗಿ, ತಲೆದೂಗು ಮುಂತಾದ ಕ್ರಿಯಾಸಮಾಸಗಳಿಗೆ ಅಂಕ ಕೊಡುತ್ತದೆ, ಈ ಬಾಲಗಳ ಸೊಗಸಿಗೆ ಅಲ್ಲಿ ಜಾಗ ಕಡಿಮೆ. ಅಮೆರಿಕದ ಹೆರಾಲ್ಡ್ ಶಿಫ್‌ಮನ್ 1983ರಲ್ಲಿ ಹೊರತಂದ ಆಡುಗನ್ನಡದ ವ್ಯಾಕರಣದಲ್ಲಿ ಬಿಡು, ಕೊಳ್ಳು, ಹೋಗು, ಹಾಕುಗಳನ್ನು ಒಂದೊಂದಾಗಿ ಕೂರಿಸಿ ಮಾತಾಡಿಸಿದ್ದಾರೆ. ಜಯನಗರದಲ್ಲಿದ್ದ ಜಿ. ವೆಂಕಟಸುಬ್ಬಯ್ಯನವರು ಪ್ರಜಾವಾಣಿಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರು ಕೇಳಿದ ಪದಗಳಿಗೆಲ್ಲ ವರ್ಷಗಟ್ಟಲೆ ಉತ್ತರ ಕೊಟ್ಟವರು. 1913ರಲ್ಲಿ ಹುಟ್ಟಿ 2021ರವರೆಗೆ ಬಾಳಿದ ಆ ಹಿರಿಯರು ಪದವೊಂದನ್ನು ಮುಟ್ಟುತ್ತಿದ್ದ ರೀತಿಯಲ್ಲೇ ಒಂದು ಮರ್ಯಾದೆ ಇರುತ್ತಿತ್ತು. ಬಾಲಗಳಿಗೂ ಅಂಥ ಒಬ್ಬರು ಬೇಕು.

ಯಾಕೆ ಇಷ್ಟು ಹೇಳುತ್ತಿದ್ದೇನೆಂದರೆ, ನಾವು ಬರೆಯುವ ಕನ್ನಡದಿಂದ ಈ ಬಾಲಗಳು ಉದುರುತ್ತಿವೆ. ಮೊಬೈಲಿಗೆ ಬರುವ ಕನ್ನಡ ಸಂದೇಶ ನೋಡಿ: ‘ನಿಮ್ಮ ಆರ್ಡರ್ ಅನ್ನು ಪಿಕಪ್ ಮಾಡಲಾಗಿದೆ.’ ವ್ಯಾಕರಣದ ತಪ್ಪಿಲ್ಲ, ಯಾರ ಬಾಯಿಂದಲೂ ಬಂದ ಮಾತೂ ಅಲ್ಲ. ಅದೇ ಊಟ ಹೊತ್ತು ಬರುವ ಹುಡುಗ ಸಿಗ್ನಲ್ಲಿನಲ್ಲಿ ನಿಂತು ಫೋನ್ ಮಾಡಿ ‘ಸರ್, ಆರ್ಡರ್ ಪಿಕಪ್ ಮಾಡ್ಕೊಂಡ್ಬಿಟ್ಟಿದೀನಿ, ಐದೇ ನಿಮಿಷ, ಬಂದ್ಬಿಡ್ತೀನಿ’ ಅನ್ನುತ್ತಾನೆ. ಕೆಲಸ ಮುಗಿಸಿದ ಹೆಮ್ಮೆ, ತಡವಾದದ್ದಕ್ಕೆ ಸಂಕೋಚ, ಇನ್ನು ಸ್ವಲ್ಪ ತಾಳಿ ಅನ್ನುವ ಬೇಡಿಕೆ, ಎಲ್ಲವೂ ಬಂತು. ಸಂದೇಶದಲ್ಲಿ ಆರ್ಡರ್ ಮಾತ್ರ ಬಂತು. ಇಂಗ್ಲಿಷ್ ಪದ ಬಂದಿದ್ದರಿಂದ ಕನ್ನಡ ಕೆಟ್ಟಿತು ಎಂದು ಗೋಳಾಡುವವರ ಜೊತೆ ನಾನು ಸೇರುವುದಿಲ್ಲ. ಪಿಕಪ್ ಬರಲಿ, ಡ್ರಾಪ್ ಬರಲಿ, ಎರಡು ವಾಕ್ಯದಲ್ಲೂ ಪಿಕಪ್ ಇದ್ದೇ ಇದೆ. ಕನ್ನಡ ಕೆಡುವುದು ಎಲ್ಲವೂ ‘ಲಾಗಿದೆ’ಯಲ್ಲಿ ಮುಗಿದಾಗ.

ಹಾಗಾಗಿ ಕಥೆ ಬರೆಯುವವರಲ್ಲಿ, ವರದಿ ಬರೆಯುವವರಲ್ಲಿ, ಅನುವಾದ ಮಾಡುವವರಲ್ಲಿ ನನ್ನ ಕೋರಿಕೆ: ಬರೆದದ್ದನ್ನು ಒಮ್ಮೆ ಗಟ್ಟಿಯಾಗಿ ಓದಿ, ಬಾಯಿ ಕೇಳಿದ ಕಡೆ ಒಂದು ಬಿಡು, ಒಂದು ಕೊಳ್ಳು ಸೇರಿಸಿ. ಓದುಗರಲ್ಲೂ ಒಂದು ಮಾತು. ಕಾಸರಗೋಡಿನವರೋ, ಬೀದರಿನವರೋ, ಕುಂದಾಪುರದವರೋ ಆಗಿದ್ದರೆ ಆ ಪಿಂಗಾಣಿ ಕಪ್ಪು ನಿಮ್ಮ ಮನೆಯಲ್ಲಿ ಕೈಜಾರಿದಾಗ ಯಾರು ಏನು ಹೇಳುತ್ತಾರೆ, ಯಾವ ಬಾಲ ಸೇರಿಸಿ ಹೇಳುತ್ತಾರೆ ಅನ್ನುವುದನ್ನು ಆಡಿದ ಹಾಗೆಯೇ ಬರೆದು ಪತ್ರಿಕೆಗೆ ಕಳಿಸಿ.